ಮ್ಯಾಟ್, ಸ್ಯಾಟಿನ್, ಗ್ಲಾಸಿ: ಕರಾವಳಿ ಮನೆಯೊಳಗೆ ಯಾವುದು ಎಲ್ಲಿಗೆ?

ಪೇಂಟ್ ಅಂಗಡಿಗೆ ಹೋದವರೆಲ್ಲ ಬಣ್ಣದ ಕಾರ್ಡನ್ನೇ ತಿರುವಿ ಹಾಕುತ್ತಾರೆ. ತಿಳಿ ಹಳದಿಯೋ ಕೆನೆ ಬಣ್ಣವೋ ಅಂತ ಮನೆಮಂದಿಯೆಲ್ಲ ಚರ್ಚೆ. ಫಿನಿಶ್ ಯಾವುದು, ಅಂದ್ರೆ ಹೊಳಪಿಲ್ಲದ ಮ್ಯಾಟೋ, ಮಂದ ಹೊಳಪಿನ ಸ್ಯಾಟಿನ್ನೋ, ಪೂರಾ ಹೊಳೆಯುವ ಗ್ಲಾಸಿಯೋ ಅಂತ ಕೇಳುವವರು ಕಡಿಮೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಂಥಲ್ಲಿ ಗೋಡೆ ಎಷ್ಟು ದಿನ ಚೆಂದ ಇರುತ್ತದೆ ಅನ್ನುವುದು ಬಣ್ಣಕ್ಕಿಂತ ಫಿನಿಶ್ ಮೇಲೇ ಜಾಸ್ತಿ ನಿಂತಿದೆ. ನಮ್ಮದು ಚಿರೆಕಲ್ಲಿನ ಹಳೇ ಮನೆ. ಕೋಣೆಗೊಂದು ಬಗೆ ಹಚ್ಚಿಸಿ ನೋಡಿದ್ದೇವೆ.

ಜಗುಲಿಗೆ ಮ್ಯಾಟ್. ಹಳೇ ಗೋಡೆಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಚಿರೆಕಲ್ಲಿನ ಮೇಲೆ ಎಂದೋ ಮಾಡಿದ ಗಾರೆ, ಎಲ್ಲೂ ಸಮ ಇಲ್ಲ. ಬೆಳಗ್ಗೆ ಪಕ್ಕದ ಕಿಟಕಿಯಿಂದ ಬಿಸಿಲು ಅಡ್ಡಡ್ಡ ಬಿದ್ದಾಗಲೂ ಆ ಉಬ್ಬುತಗ್ಗು ಕಣ್ಣಿಗೆ ಬೀಳುವುದಿಲ್ಲ. ಮ್ಯಾಟ್‌ನಲ್ಲಿ ಬಣ್ಣದ ಪುಡಿ ಜಾಸ್ತಿ, ಅದನ್ನು ಹಿಡಿದಿಡುವ ಅಂಟು ಕಡಿಮೆ. ಒಣಗಿದ ಮೇಲೆ ಮೇಲ್ಮೈ ತುಸು ತರಿಯಾಗಿರುತ್ತದೆ, ಬೆಳಕು ಚದುರಿಹೋಗುತ್ತದೆ. ಅದೇ ಕಾರಣಕ್ಕೆ ಕೊಳೆಯನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಸ್ವಿಚ್‌ಬೋರ್ಡ್ ಸುತ್ತ ಕೈಗುರುತಿನ ಕಂದು ವರ್ತುಲ ಕೂತಿದೆ. ಒದ್ದೆ ಬಟ್ಟೆಯಲ್ಲಿ ಜೋರಾಗಿ ತಿಕ್ಕಿದರೆ ಕಲೆ ಹೋಗುತ್ತದೆ, ಆದರೆ ತಿಕ್ಕಿದಷ್ಟು ಜಾಗ ಮಾತ್ರ ಹೊಳೆಯುತ್ತಾ ನಿಲ್ಲುತ್ತದೆ. ಸಮಾಧಾನ ಅಂದ್ರೆ ಟಚಪ್ ಸುಲಭ. ಅದೇ ಡಬ್ಬಿಯ ಪೇಂಟ್ ತುಸು ಉಳಿಸಿಟ್ಟರೆ ಹಚ್ಚಿದ್ದು ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಅಡುಗೆಮನೆಗೆ ಸ್ಯಾಟಿನ್. ಇಲ್ಲಿ ಮ್ಯಾಟ್ ಮಾತೇ ಬೇಡ. ಬಂಗಡೆ ಹುರಿಯುವ ಮನೆಯಲ್ಲಿ ಒಲೆ ಹಿಂದಿನ ಗೋಡೆಯ ಪಾಡು ಎಲ್ಲರಿಗೂ ಗೊತ್ತಲ್ವಾ? ಸ್ಯಾಟಿನ್‌ನಲ್ಲಿ ಅಂಟು ಜಾಸ್ತಿ, ಪದರ ಬಿಗಿ. ಎಣ್ಣೆ ಸಿಡಿದದ್ದು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹೋಗುತ್ತದೆ. ಅರಿಶಿನ ಮಾತ್ರ ಆಗಿಂದಾಗಲೇ ಒರೆಸಬೇಕು, ರಾತ್ರಿ ಕಳೆದರೆ ಹಳದಿ ಉಳಿದೇ ಉಳಿಯುತ್ತದೆ. ಆಯಿಗೆ ಈ ಗೋಡೆ ಬಹಳ ಇಷ್ಟ.

ಇದೇ ಸ್ಯಾಟಿನ್ ಮಲಗುವ ಕೋಣೆಯಲ್ಲಿ ನನಗೆ ಹಿಡಿಸಲಿಲ್ಲ. ಟ್ಯೂಬ್‌ಲೈಟ್ ಗೋಡೆಗೇ ಅಂಟಿಕೊಂಡಿದೆ. ದೀಪ ಹಾಕಿದ್ದೇ ತಡ, ಪುಟ್ಟಿ ಎಳೆದ ಪಟ್ಟಿಯ ಗೆರೆ, ಮೊಳೆ ಕಿತ್ತು ಮುಚ್ಚಿದ ಜಾಗ ಎಲ್ಲ ಒಂದೊಂದಾಗಿ ಕಾಣುತ್ತವೆ. ಟಚಪ್ ಮಾಡಿದರೆ ತೇಪೆ ಹಾಕಿದಂತೆ. ಹೊಳಪು ಬೇಕು ಅಂದ್ರೆ ಮೊದಲು ಪುಟ್ಟಿಗೂ ತಿಕ್ಕುವ ಕೂಲಿಗೂ ಖರ್ಚು ಮಾಡಬೇಕು.

ಗ್ಲಾಸಿ ಆಯಿಲ್ ಪೇಂಟ್ ಬಾಗಿಲು, ಕಿಟಕಿ, ಕಬ್ಬಿಣದ ಸರಳಿಗೆ ಸರಿ. ಮಳೆಗಾಲದಲ್ಲಿ ಮರ ತೇವ ಎಳೆಯುವುದು ನಿಧಾನವಾಗುತ್ತದೆ. ಆದರೆ ಒಳಗೇ ತೇವ ಇರುವ ಗೋಡೆಗೆ ಮಾತ್ರ ಬೇಡ. ಬಚ್ಚಲಿನ ಪಕ್ಕದ ಗೋಡೆಗೆ ಸೊಂಟದೆತ್ತರ ಹೊಡೆಸಿದ್ದೆವು. ನೆಲದಿಂದ ಏರಿದ ನೀರಿಗೆ ಹೊರಹೋಗಲು ದಾರಿ ಇಲ್ಲ, ಪೇಂಟನ್ನೇ ಹಿಂದಿನಿಂದ ತಳ್ಳಿತು. ಅಂಗೈ ಅಗಲದ ಗುಳ್ಳೆಗಳು. ಒತ್ತಿದರೆ ಪಟ್ಟನೆ ಒಡೆದು ಒಳಗಿನಿಂದ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಇನ್ನೊಂದು ವಿಷಯ: ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಬಿಳಿ ಆಯಿಲ್ ಪೇಂಟ್ ಹಳದಿಗೆ ತಿರುಗುತ್ತದೆ.

ಆ ಗೋಡೆಯನ್ನು ಕೆರೆಸಿ ಈಗ ಸುಣ್ಣ ಹೊಡೆಸಿದ್ದೇವೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಅದರ ಕ್ಷಾರಗುಣಕ್ಕೆ ಬೂಸ್ಟು ಬೇಗ ಹಿಡಿಯುವುದಿಲ್ಲ. ಒರಗಿದರೆ ಬೆನ್ನೆಲ್ಲ ಬಿಳಿ, ಅದೊಂದೇ ತೊಂದರೆ. ಡಿಸ್ಟೆಂಪರ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅಗ್ಗ, ತೇವ ತಾಗಿದರೆ ಹಪ್ಪಳದಂತೆ ಏಳುತ್ತದೆ. ಮುಂದೆ ಎಮಲ್ಷನ್ (ನೀರಲ್ಲಿ ಕಲಸುವ ಪ್ಲಾಸ್ಟಿಕ್ ಪೇಂಟ್) ಹಚ್ಚಬೇಕಾದರೆ ಪೂರಾ ಕೆರೆಯಬೇಕು.

ಹೊಳಪು ಜಾಸ್ತಿ ಇದ್ದರೆ ಪೇಂಟ್ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳುವುದುಂಟು. ಹೊಳಪು ಬೇರೆ, ಗುಣಮಟ್ಟ ಬೇರೆ. ದುಬಾರಿ ಎಮಲ್ಷನ್‌ನಲ್ಲೂ ಮ್ಯಾಟ್ ಸಿಗುತ್ತದೆ, ಅದನ್ನು ಒರೆಸಲೂ ಬರುತ್ತದೆ. ಮಕ್ಕಳಿರುವ ಮನೆಯ ಜಗುಲಿಗೆ ನಾನು ಅದನ್ನೇ ಹೇಳುತ್ತೇನೆ. ಬೂಸ್ಟಿನ ವಿಷಯದಲ್ಲಿ ಯಾವ ಫಿನಿಶ್ಶನ್ನೂ ನಂಬಬೇಡಿ. ಗಾಳಿ ಆಡದ ಕಪಾಟಿನ ಹಿಂದೆ ಎಲ್ಲದಕ್ಕೂ ಬರುತ್ತದೆ, ಸ್ಯಾಟಿನ್ ಆದರೆ ಒರೆಸುವುದು ಸುಲಭ ಅಷ್ಟೇ.

ನಮ್ಮಲ್ಲಿ ಎಲ್ಲರಿಗೂ ಚೌತಿಗೆ ಮೊದಲು ಪೇಂಟ್ ಆಗಬೇಕು. ಆಗ ಗೋಡೆ ಇನ್ನೂ ಮಳೆ ಕುಡಿದುಕೊಂಡೇ ಇರುತ್ತದೆ. ಹಬ್ಬಕ್ಕೆ ಗೋಡೆ ಸುಮ್ನೆ ಒರೆಸಿಕೊಳ್ಳಿ, ಎಮಲ್ಷನ್ ಕೆಲಸ ಫೆಬ್ರವರಿ ಮೇಲೆ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಗೋಡೆ ಕಡೆಗೆ ನೀರಿನ ಹನಿ ಕಂಡರೆ ಪೇಂಟರ್‌ಗೆ ಈಗಲೇ ಬರಬೇಡ ಅನ್ನಿ.