ಗರ್ಭನಿರೋಧಕ ಗುಳಿಗೆಯ ಖರ್ಚು ಯಾರು ಕೊಡುತ್ತಾರೆ? ಇಎಸ್‌ಐ, ಕಂಪನಿ ಪಾಲಿಸಿ, ಒಪಿಡಿ ರೈಡರ್, ಸರ್ಕಾರಿ ಆಸ್ಪತ್ರೆ: ನಾಲ್ಕನ್ನೂ ಬಳಸಿ ನೋಡಿದ ಹೋಲಿಕೆ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಕಡೆಯ ತವರಿಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ನಡೆದಿತ್ತು. ಜಗುಲಿಯ ಮೇಲೆ ನಾನೂ ತಂಗಿಯೂ ಎರಡು ಕಾಗದ ಹರಡಿಕೊಂಡು ಕೂತಿದ್ದೆವು. ಎರಡೂ ಒಂದೇ ವಿಮಾ ಕಂಪನಿಯಿಂದ ಬಂದವು. ಎರಡರಲ್ಲೂ ಇದ್ದದ್ದು ಒಂದೇ ಗುಳಿಗೆಯ ಹೆಸರು: ಡ್ರೋಸ್ಪೈರಿನೋನ್ ಮತ್ತು ಎಥಿನೈಲ್ ಈಸ್ಟ್ರಡಯೋಲ್ ಎಂಬ ಎರಡು ಹಾರ್ಮೋನು ಸೇರಿದ, ಡಾಕ್ಟರ ಚೀಟಿ ತೋರಿಸಿ ತರುವ ಮಾತ್ರೆ. ಅವಳ ಕ್ಲೇಮು ಪಾಸಾಗಿತ್ತು. ನನ್ನದನ್ನು ಮೂರು ವರ್ಷದ ಹಿಂದೆಯೇ ತಿರಸ್ಕರಿಸಿದ್ದರು. ಅವಳ ಚೀಟಿಯಲ್ಲಿ ಡಾಕ್ಟರು ಬರೆದದ್ದು ಪಿಸಿಒಡಿ (ಅಂಡಾಶಯದ ಹಾರ್ಮೋನು ಏರುಪೇರಾಗುವ ಕಾಯಿಲೆ) ಎಂದು, ನನ್ನ ಚೀಟಿಯಲ್ಲಿ ಗರ್ಭನಿರೋಧಕ ಎಂದು. ಆಯಿ ಒಳಗಿನಿಂದ ಬಂದು "ಎಂತ ಲೆಕ್ಕನೇ ಅದು?" ಅಂತ ಕೇಳಿದಳು. ಹೇಳಿದೆವು. ಅವಳು ಎರಡೂ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮಾತಾಡದೆ ವಾಪಸು ಕೊಟ್ಟಳು.

ಆ ಸಂಜೆಯೇ ಇದನ್ನು ಬರೆಯಬೇಕು ಅನಿಸಿತ್ತು. ಮದುವೆಯಾದ ಮೇಲೆ ನಾನು ನಾಲ್ಕು ತರದ ವ್ಯವಸ್ಥೆಯ ಕೆಳಗೆ ಬದುಕಿದ್ದೇನೆ. ನಾಲ್ಕರಲ್ಲೂ ಇದೇ ಒಂದು ಖರ್ಚನ್ನು ಇಟ್ಟು ನೋಡಿದ್ದೇನೆ. ನಮ್ಮ ಕಡೆ ಹೆಂಗಸರು ಬಾಣಂತನದ ಖರ್ಚನ್ನು ಬಾಯಿಬಿಟ್ಟು ಹೇಳುತ್ತಾರೆ, ಗುಳಿಗೆಯ ಖರ್ಚನ್ನು ಹೇಳುವುದಿಲ್ಲ. ಹಾಗಾಗಿ ಹೋಲಿಸಿ ನೋಡುವುದಕ್ಕೆ ಯಾರ ಕೈಯಲ್ಲೂ ಲೆಕ್ಕ ಇರುವುದಿಲ್ಲ.

ಮೊದಲನೆಯದು ಇಎಸ್‌ಐ. ನೌಕರರೂ ಮಾಲೀಕರೂ ಪಾಲು ಕಟ್ಟುವ ಸರ್ಕಾರಿ ವಿಮೆ ಅದು. ಆಗ ನಾನು ದಾಂಡೇಲಿಯಲ್ಲಿ ಖಾಸಗಿ ಕೆಲಸದಲ್ಲಿದ್ದೆ, ಸಂಬಳ 14,000. ತಿಂಗಳಿಗೆ 21,000ದ ಒಳಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. 2019ರ ಜುಲೈನಿಂದ ನೌಕರರ ಪಾಲು ಶೇಕಡಾ 0.75ಕ್ಕೆ ಇಳಿದ ಮೇಲೆ ನನ್ನ ಸಂಬಳದಲ್ಲಿ ಹಿಡಿಯುತ್ತಿದ್ದದ್ದು 105 ರೂಪಾಯಿ ಮಾತ್ರ. ಮಾಲೀಕರ ಪಾಲು ಶೇಕಡಾ 3.25. ದಾಂಡೇಲಿಯಲ್ಲೇ ಇಎಸ್‌ಐ ಆಸ್ಪತ್ರೆ ಇರುವುದು ಅಲ್ಲಿಯವರ ಭಾಗ್ಯ. ಜಿಲ್ಲೆಯ ಉಳಿದ ಊರಿನವರಿಗೆ ಆ ಅನುಕೂಲ ಇಲ್ಲ.

ಇಎಸ್‌ಐನ ದೊಡ್ಡ ಗುಣ ಏನೆಂದರೆ ಅಲ್ಲಿ ದಾಖಲಾಗಬೇಕೆಂಬ ಷರತ್ತಿಲ್ಲ. ಹೊರರೋಗಿಯಾಗಿ ಹೋದರೂ ತಪಾಸಣೆ, ಔಷಧಿ ಸಿಗುತ್ತದೆ. ಕುಟುಂಬ ಯೋಜನೆಯ ಸಲಹೆಯೂ ಅದರೊಳಗೇ ಬರುತ್ತದೆ. ಮಗಳು ಹುಟ್ಟಿದ ಮೇಲೆ ಮೊದಲು ವಂಕಿ ಹಾಕಿಸಿಕೊಂಡೆ, ಕಾಪರ್-ಟಿ. ಖರ್ಚು ಸೊನ್ನೆ. ಆದರೆ ನನಗೆ ಮುಟ್ಟಿನ ಸ್ರಾವ ಜಾಸ್ತಿಯಾಯಿತು. ಕಾಪರ್-ಟಿಯಲ್ಲಿ ಕೆಲವರಿಗೆ ಹೀಗಾಗುವುದುಂಟು. ಒಂದು ವರ್ಷ ಸಹಿಸಿ ತೆಗೆಸಿದೆ. ಆಮೇಲೆ ಮಾಲಾ-ಎನ್, ಸರ್ಕಾರದ ಗರ್ಭನಿರೋಧಕ ಗುಳಿಗೆ. 21 ಹಾರ್ಮೋನಿನ ಗುಳಿಗೆ, 7 ಕಬ್ಬಿಣಾಂಶದ ಗುಳಿಗೆ, ಒಟ್ಟು 28. ಅದಕ್ಕೂ ದುಡ್ಡಿಲ್ಲ. ಕೆಲಸ ಬಿಟ್ಟು 2020ರಲ್ಲಿ ಕುಮಟೆಗೆ ಬಂದೆ. ಕೆಲಸದ ಜೊತೆ ಇಎಸ್‌ಐ ಕಾರ್ಡೂ ಹೋಯಿತು. ಆಗ ಅದರ ಬೆಲೆ ಗೊತ್ತಾಗಿರಲಿಲ್ಲ.

ಎರಡನೆಯದು ಯಜಮಾನರ ಕಂಪನಿಯ ಗುಂಪು ಪಾಲಿಸಿ. ಇವರದು ಹುಬ್ಬಳ್ಳಿಯ ಕಂಪನಿ. ಮೂರು ಲಕ್ಷದ ಕವರೇಜು, ಹೆರಿಗೆಗೆ 50,000ದವರೆಗೆ, ಅದೂ ಮೊದಲ ದಿನದಿಂದಲೇ. ಕೇಳಲು ಚೆಂದ, ಕೊಟ್ಟದ್ದೂ ನಿಜ. 2023ರಲ್ಲಿ ಮಗ ಹುಟ್ಟಿದಾಗ ಆ 50,000 ಪೂರ್ತಿ ಬಂತು. ಆದರೆ ಮಧ್ಯದ ಮೂರು ವರ್ಷ ಮಗು ಬೇಡವೆಂದು ನಾನು ತೆಗೆದುಕೊಂಡ ಗುಳಿಗೆಗೆ ಒಂದು ರೂಪಾಯಿಯೂ ಇಲ್ಲ. ಮಾಲಾ-ಎನ್‌ನಲ್ಲಿ ನನಗೆ ಹೊಟ್ಟೆ ತೊಳಸುವುದು, ಮೈ ಊದಿಕೊಳ್ಳುವುದು ಶುರುವಾಗಿತ್ತು. ಅದಕ್ಕೇ ಡಾಕ್ಟರು ಡ್ರೋಸ್ಪೈರಿನೋನ್ ಇರುವುದಕ್ಕೆ ಬದಲಾಯಿಸಿದ್ದರು. ಸ್ಟ್ರಿಪ್ಪಿಗೆ 310 ರೂಪಾಯಿ. ಇಪ್ಪತ್ತೆಂಟು ದಿನಕ್ಕೊಂದು ಅಂದರೆ ವರ್ಷಕ್ಕೆ 13 ಸ್ಟ್ರಿಪ್, 4,030 ರೂಪಾಯಿ. ಆಸ್ಪತ್ರೆಯಲ್ಲಿ 24 ಗಂಟೆ ದಾಖಲಾದರೆ ಅಥವಾ ಪಟ್ಟಿಯಲ್ಲಿರುವ, ಒಂದೇ ದಿನದಲ್ಲಿ ಮುಗಿಯುವ ಡೇ-ಕೇರ್ ಚಿಕಿತ್ಸೆಯಾದರೆ ಮಾತ್ರ ಈ ಪಾಲಿಸಿ ಕಣ್ಣು ತೆರೆಯುತ್ತದೆ. ಅಂಗಡಿಯಿಂದ ತಂದ ಮಾತ್ರೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ದುಡ್ಡು ಕಳೆದುಕೊಂಡದ್ದು ಅಲ್ಲಿ. 2022ರಲ್ಲಿ ಒಬ್ಬ ಏಜೆಂಟರು ಮನೆಗೆ ಬಂದು ಇಡೀ ಮನೆಗೆ ಒಂದೇ ಮೊತ್ತದ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಮಾಡಿಸಿದರು. ಅದಕ್ಕೆ ಒಪಿಡಿ ರೈಡರ್ (ದಾಖಲಾಗದೆ ಹೊರರೋಗಿಯಾಗಿ ಮಾಡುವ ಖರ್ಚಿಗೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಕವರೇಜು) ಸೇರಿಸಿದರೆ "ಡಾಕ್ಟರ ಫೀಸು, ಮೆಡಿಕಲ್ ಬಿಲ್ಲು ಎಲ್ಲಾ ಬರ್ತದೆ ಅಕ್ಕಾ" ಎಂದರು. ಪ್ರತಿ ತಿಂಗಳ ಗುಳಿಗೆಯೂ ಬರುತ್ತದಾ ಎಂದು ನಾನು ಬಾಯಿಬಿಟ್ಟು ಕೇಳಿದ್ದೆ. ಚೀಟಿ ಇದ್ದರೆ ಬರುತ್ತದೆ ಎಂದರು. ರೈಡರಿನ ಬೆಲೆ 3,900, ಆಗಿನ ಶೇಕಡಾ 18 ಜಿಎಸ್‌ಟಿ ಸೇರಿ 4,602. ಸಿಗುವ ಮಿತಿ ವರ್ಷಕ್ಕೆ 5,000.

ಮೂರು ಬಿಲ್ಲು ಕೂಡಿಸಿ, ಚೀಟಿ ಲಗತ್ತಿಸಿ ಕಳಿಸಿದೆ. ಹದಿನೆಂಟನೇ ದಿನ ಪತ್ರ ಬಂತು. ಒಂದೇ ಸಾಲು: ಹೊರತುಪಡಿಕೆ ಸಂಖ್ಯೆ 17ರ ಪ್ರಕಾರ ಪಾವತಿಸಲಾಗದು. ಪಾಲಿಸಿಯ ಪುಸ್ತಕ ತೆಗೆದು ಹುಡುಕಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಗೊತ್ತುಮಾಡಿದ ಹೊರತುಪಡಿಕೆಗಳ ಪಟ್ಟಿ ಅದು. ಹದಿನೇಳನೆಯದು ಬಂಜೆತನ ಮತ್ತು ಸಂತಾನಹರಣಕ್ಕೆ ಸಂಬಂಧಿಸಿದ್ದು. ಅದರ ಮೊದಲ ಸಾಲೇ ಯಾವುದೇ ರೀತಿಯ ಗರ್ಭನಿರೋಧಕ, ಸಂತಾನಹರಣ ಶಸ್ತ್ರಚಿಕಿತ್ಸೆ. ಕೆಳಗೆ ಐವಿಎಫ್, ಬಾಡಿಗೆ ತಾಯ್ತನ, ಸಂತಾನಹರಣ ಬಿಚ್ಚಿಸುವ ಆಪರೇಷನ್. ಮಗು ಬೇಡ ಎನ್ನುವವಳನ್ನೂ ಮಗು ಬೇಕೆಂದು ಒದ್ದಾಡುವವಳನ್ನೂ ಒಂದೇ ಕಲಮಿನಲ್ಲಿ ಹೊರಗೆ ನಿಲ್ಲಿಸಿದ್ದಾರೆ. ಅದರ ಪಕ್ಕದ ಹದಿನೆಂಟನೆಯದು ಹೆರಿಗೆ. ಹೆರಿಗೆಯನ್ನಾದರೂ ಹೆಚ್ಚು ಪ್ರೀಮಿಯಂ ಕೊಟ್ಟು, ಕಾಯುವ ಅವಧಿ ಮುಗಿಸಿ ವಾಪಸು ಕೊಂಡುಕೊಳ್ಳಬಹುದು. ನಾನು ವಿಚಾರಿಸಿದ ಯಾವ ಪಾಲಿಸಿಯಲ್ಲೂ ಗುಳಿಗೆಯನ್ನು ಹಾಗೆ ಕೊಂಡುಕೊಳ್ಳುವ ದಾರಿ ಸಿಗಲಿಲ್ಲ.

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಲೆಕ್ಕ ಮಾಡಿ ನೋಡಲಿಲ್ಲವಲ್ಲ ಎಂಬ ಬೇಜಾರು. ಒಂದು ವೇಳೆ ಅವರು ಹದಿಮೂರು ಸ್ಟ್ರಿಪ್ಪಿಗೂ ಪೂರ್ತಿ ಕೊಟ್ಟಿದ್ದರೂ ನನಗೆ ಬರುತ್ತಿದ್ದದ್ದು 4,030. ನಾನು ಕಟ್ಟಿದ್ದು 4,602. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ, ಅಷ್ಟರಮಟ್ಟಿಗೆ ಈಗ ಹಗುರ. ಆದರೂ ಗುಳಿಗೆಯ ಸಲುವಾಗಿ ಒಪಿಡಿ ರೈಡರ್ ತೆಗೆದುಕೊಳ್ಳಬೇಡಿ ಎಂದೇ ನಾನು ಹೇಳುವುದು.

ಇಲ್ಲಿ ತಂಗಿಯ ಕಾಗದಕ್ಕೆ ಬರುತ್ತೇನೆ. ಅವಳಿಗೆ ಕೊಟ್ಟದ್ದು ಸರಿಯೇ. ಅವಳದು ಕಾಯಿಲೆ, ಸ್ಕ್ಯಾನಿಂಗ್ ಇದೆ, ರಕ್ತಪರೀಕ್ಷೆ ಇದೆ, ಮುಟ್ಟು ಮೂರು ತಿಂಗಳು ನಿಂತೇಹೋಗುತ್ತಿತ್ತು. ಅದೇ ಗುಳಿಗೆ ಅವಳಿಗೆ ಚಿಕಿತ್ಸೆ. ಇದನ್ನು ಓದಿ ಯಾರಾದರೂ "ಹಾಗಾದರೆ ಡಾಕ್ಟರಿಗೆ ಹೇಳಿ ಪಿಸಿಒಡಿ ಅಂತ ಬರೆಸಿದರಾಯ್ತು" ಎಂದುಕೊಳ್ಳುವುದು ಬೇಡ. ಸುಳ್ಳು ಬರೆಸಿದರೆ ಆ ಕಾಯಿಲೆ ನಿಮ್ಮ ದಾಖಲೆಯಲ್ಲಿ ಉಳಿಯುತ್ತದೆ, ನಾಳೆ ದೊಡ್ಡ ಕ್ಲೇಮಿನಲ್ಲಿ ಅದೇ ಮುಳುವಾಗುತ್ತದೆ. ನಿಜವಾಗಿ ಅತಿಸ್ರಾವ, ಎಂಡೊಮೆಟ್ರಿಯೋಸಿಸ್, ಪಿಸಿಒಡಿ ಇದ್ದವರು ಮಾತ್ರ ಡಾಕ್ಟರ ಹತ್ತಿರ ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೆಯದೆ ಬಿಟ್ಟರೆ ಗುಳಿಗೆಯ ಹೆಸರು ನೋಡಿಯೇ ಹದಿನೇಳನೆಯದಕ್ಕೆ ಹಾಕಿಬಿಡುತ್ತಾರೆ. ತಂಗಿಯ ಮೊದಲ ಕ್ಲೇಮು ಹಾಗೇ ತಿರುಗಿ ಬಂದಿತ್ತು. ಚೀಟಿ ಬದಲಾಯಿಸಿ ಕಳಿಸಿದ ಮೇಲೆ ಆಯಿತು.

ನಾಲ್ಕನೆಯದು ವಿಮೆಯೇ ಅಲ್ಲ, ಆದರೆ ಕೊನೆಗೆ ನನ್ನ ಕೈ ಹಿಡಿದದ್ದು ಅದೇ. ಮಗನಿಗೆ ಹಾಲು ಕುಡಿಸುತ್ತಿದ್ದಾಗ ಈಸ್ಟ್ರೋಜೆನ್ ಇರುವ ಗುಳಿಗೆ ಬೇಡ ಎಂದಿದ್ದರು. ಹೆರಿಗೆಯಾದ ಮೊದಲ ಆರು ತಿಂಗಳು ಹಾಲೂಡಿಸುವ ತಾಯಂದಿರಿಗೆ ಅದನ್ನು ಕೊಡುವುದಿಲ್ಲ. ಕೇರಿಯ ಆಶಾ ಕಾರ್ಯಕರ್ತೆ ಮಗುವಿನ ಲಸಿಕೆ ನೆನಪು ಮಾಡಲು ಬಂದವರು, ನಾನು ಬೇರೆ ಗುಳಿಗೆ ತರಲೆಂದು ಪರ್ಸು ತೆಗೆದದ್ದನ್ನು ನೋಡಿ, "ಇದಕ್ಕೆಂತ ದುಡ್ಡು ಮಾರಾಯ್ತಿ, ಆಸ್ಪತ್ರೆಲಿ ಛಾಯಾ ಕೊಡ್ತ್ರು, ನನ್ನ ಸಂಗ್ತಿಗೆ ಬಾ" ಎಂದರು. ಆಶಾ ಮನೆಗೆ ತಂದುಕೊಟ್ಟರೆ ಒಂದು ತಿಂಗಳ ಮಾಲಾ ಗುಳಿಗೆಗೆ ಒಂದು ರೂಪಾಯಿ. ಆಸ್ಪತ್ರೆಗೆ ಹೋಗಿ ತಂದರೆ ಅದೂ ಇಲ್ಲ.

ಛಾಯಾದಲ್ಲಿ ಹಾರ್ಮೋನು ಇಲ್ಲ. ಸೆಂಟ್‌ಕ್ರೋಮನ್ ಎಂಬ ಔಷಧಿ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು. ಅಂಗಡಿಯಲ್ಲಿ ಸಹೇಲಿ ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು. ನಾನು ಬುಧವಾರ, ಶನಿವಾರ ಇಟ್ಟುಕೊಂಡೆ. ಬುಧವಾರ ನಮ್ಮೂರಿನ ಸಂತೆ, ಹಾಗಾಗಿ ಮರೆಯುವುದಿಲ್ಲ. ಮುಟ್ಟು ಕೆಲವು ಸಲ ಹತ್ತು ದಿನ ಮುಂದೆ ಹೋಗುತ್ತದೆ. ಮೊದಲ ಸಲ ಹಾಗಾದಾಗ ನನಗೆ ಜೀವವೇ ಹೋದಂತಾಗಿ ಪರೀಕ್ಷೆಯ ಕಿಟ್ ತಂದಿದ್ದೆ. ಈಗ ರೂಢಿಯಾಗಿದೆ.

'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನೂ ಎರಡು ಸಲ ತೆಗೆದುಕೊಂಡು ನೋಡಿದೆ. ಮೂರು ತಿಂಗಳಿಗೊಂದು, ಅದೂ ಉಚಿತ. ಒಂದು ಕಾರ್ಡು ಕೊಟ್ಟು ಮುಂದಿನ ದಿನಾಂಕ ಬರೆಯುತ್ತಾರೆ. ಚುಚ್ಚಿದ ಜಾಗವನ್ನು ತಿಕ್ಕಬೇಡಿ ಎಂದು ನರ್ಸ್ ಎರಡೆರಡು ಸಲ ಹೇಳಿದ್ದು ನೆನಪಿದೆ. ನನಗೆ ಸಣ್ಣಗೆ ಸ್ರಾವ ನಿಲ್ಲದೆ ಕಿರಿಕಿರಿಯಾಗಿ ಬಿಟ್ಟೆ. ನನ್ನ ಓರಗಿತ್ತಿಗೆ ಅದೇ ಹೊಂದಿದೆ, ಎರಡು ವರ್ಷದಿಂದ ನಡೆದಿದೆ. ನಿಲ್ಲಿಸಿದ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ, ಬೇಗ ಮಗು ಬೇಕೆನ್ನುವವರು ಅದನ್ನು ಮೊದಲೇ ಯೋಚಿಸಬೇಕು.

ಇಲ್ಲೂ ಕೊರತೆ ಇದೆ. ಒಂದು ಮಳೆಗಾಲದಲ್ಲಿ ನಾನು ಹೋಗುವ ಆರೋಗ್ಯ ಕೇಂದ್ರದಲ್ಲಿ ಎರಡು ವಾರ ಛಾಯಾ ಸ್ಟಾಕ್ ಇರಲಿಲ್ಲ. ಕೊಡೆ ಹಿಡಿದು ಮಗುವನ್ನು ಎತ್ತಿಕೊಂಡು ಎರಡು ಸಲ ಬರಿಗೈಲಿ ಬಂದೆ. ಈ ಔಷಧಿಯಲ್ಲಿ ಎರಡು ವಾರದ ತಡೆ ಸಣ್ಣ ಮಾತಲ್ಲ. ಅವತ್ತು ಅಂಗಡಿಯಿಂದ ಸಹೇಲಿ ತಂದೆ. ಅದಾದ ಮೇಲೆ ಮನೆಯಲ್ಲಿ ಯಾವಾಗಲೂ ಒಂದು ಸ್ಟ್ರಿಪ್ ಹೆಚ್ಚು ಇಟ್ಟಿರುತ್ತೇನೆ.

ಇನ್ನೂ ದೊಡ್ಡ ಕೊರತೆ ತಂಗಿಯಂಥವರದು. ಪಿಸಿಒಡಿ ಇದ್ದವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಛಾಯಾ ಕೊಡುವುದಿಲ್ಲ. ಕಣ್ಣ ಮುಂದೆ ಬೆಳಕಿನ ಸೆಳಕು ಕಂಡು ಅರೆತಲೆನೋವು ಬರುವವರಿಗೆ, ಬಿಪಿ ಇರುವವರಿಗೆ ಮಾಲಾ ಆಗುವುದಿಲ್ಲ. ಉಚಿತವಾಗಿ ಸಿಗುವ ನಾಲ್ಕೈದು ಬಗೆಯಲ್ಲಿ ಒಂದೂ ಹೊಂದದ ಹೆಂಗಸಿಗೆ ಅಂಗಡಿಯ ಗುಳಿಗೆಯೇ ಗತಿ. ವಿಮೆ ಬೇಕಾಗಿರುವುದು ಅವಳಿಗೆ, ಮತ್ತು ಹದಿನೇಳನೆಯ ಕಲಮು ಬಾಗಿಲು ಹಾಕುವುದೂ ಅವಳಿಗೇ.

ಅತ್ತೆಯವರು ಸಹಕಾರಿ ಸೊಸೈಟಿಯ ಮೂಲಕ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದಾರೆ, ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಐದು ಲಕ್ಷದವರೆಗೆ ಇದೆ. ಎರಡೂ ಆಸ್ಪತ್ರೆಯ ಚಿಕಿತ್ಸೆಗೆ. ತಿಂಗಳ ಗುಳಿಗೆಗೆ ಅವು ಬಾರವು, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ.

ನಾದಿನಿ ಅಮೆರಿಕದಲ್ಲಿದ್ದಾಳೆ. ಅಲ್ಲಿ 2010ರ ಕಾನೂನಿನ ಪ್ರಕಾರ 2012ರ ಆಗಸ್ಟಿನಿಂದ ಹೆಚ್ಚಿನ ವಿಮೆಗಳು ಡಾಕ್ಟರು ಬರೆದ ಗರ್ಭನಿರೋಧಕಕ್ಕೆ ಕೈಯಿಂದ ಏನೂ ಕೇಳದೆ ಕೊಡಬೇಕು. ಧಾರ್ಮಿಕ ಕಾರಣ ಕೊಡುವ ಕೆಲವು ಮಾಲೀಕರಿಗೆ ವಿನಾಯಿತಿ ಇದೆ. ಅವಳು ಅಂಗಡಿಯಲ್ಲಿ ಕಾರ್ಡು ತೋರಿಸಿ ಗುಳಿಗೆ ತರುತ್ತಾಳೆ. ಅಲ್ಲಿ ಆಶಾ ಮನೆಬಾಗಿಲಿಗೆ ಬರುವುದಿಲ್ಲ, ಅದೂ ನಿಜ. ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದದ್ದೇನಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು (ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು), 1952ರಲ್ಲಿ ದೇಶಕ್ಕೆಲ್ಲ ಕುಟುಂಬ ಯೋಜನೆ ಬಂತು. ಸರ್ಕಾರ ಅಷ್ಟು ಹಿಂದೆಯೇ ಆರೋಗ್ಯದ ವಿಷಯ ಎಂದು ಒಪ್ಪಿದ್ದನ್ನು ವಿಮೆಯ ಪುಸ್ತಕ ಇವತ್ತಿಗೂ ಒಪ್ಪುತ್ತಿಲ್ಲ.

ನನ್ನ ಆಯ್ಕೆ ಹೀಗೆ. ಇಎಸ್‌ಐ ಇದ್ದವರು ಅದನ್ನೇ ಬಳಸಿ, ಸಂಕೋಚ ಬೇಡ. ಇಲ್ಲದವರು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ತಲೆನೋವು, ಬಿಪಿ, ಹಾಲೂಡಿಸುವುದು ಎಲ್ಲ ಬಿಚ್ಚಿ ಹೇಳಿ ಹೊಂದುವುದನ್ನು ಕೇಳಿ. ಫ್ಲೋಟರ್ ಪಾಲಿಸಿಯನ್ನು ಆಪರೇಷನ್, ಅಪಘಾತ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದ ರಾತ್ರಿಗಾಗಿ ಇಟ್ಟುಕೊಳ್ಳಿ. ಹೊಸ ಪಾಲಿಸಿ ಕೈಗೆ ಬಂದರೆ ಅದರ ಜೊತೆ ಬರುವ ಮಾಹಿತಿ ಹಾಳೆಯನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು. ಅದರಲ್ಲಿ ಹೊರತುಪಡಿಕೆಗಳನ್ನು ಓದಿ. ಒಪ್ಪದಿದ್ದರೆ 30 ದಿನದೊಳಗೆ ವಾಪಸು ಮಾಡಬಹುದು. ನಾನು ಆ ಹಾಳೆಯನ್ನು ಓದಿದ್ದು ಕ್ಲೇಮು ತಿರಸ್ಕಾರವಾದ ಮೇಲೆ.

ರೈಡರನ್ನು ನಾನು ಮರುವರ್ಷವೇ ಕೈಬಿಟ್ಟೆ. ತಂಗಿ ಇಟ್ಟುಕೊಂಡಿದ್ದಾಳೆ, ಅವಳಿಗೆ ಸ್ಕ್ಯಾನಿಂಗ್ ಖರ್ಚೂ ಇದೆ. ಈ ಫೆಬ್ರುವರಿಗೆ ಅವಳ ಒಪಿಡಿ ಮಿತಿ ಮುಗಿದಿದೆ, ಮಾರ್ಚಿನ ಸ್ಟ್ರಿಪ್ಪಿಗೆ ಕೈಯಿಂದ ಕೊಟ್ಟಳಂತೆ.