ಹಚ್ಚೋ ಟ್ಯೂಬಿನಿಂದ ಆಸ್ಪತ್ರೆ ಸೇರಿದ ಚಿಕ್ಕಪ್ಪ

ಮಳೆಗಾಲ ಬಂತೆಂದರೆ ನಮ್ಮ ತೀರ್ಥಹಳ್ಳಿ ಕಡೆ ತೊಡೆಸಂದಿಯ ತುರಿಕೆ ಮನೆಮನೆಯ ಕಥೆ. ದಿನವಿಡೀ ಒದ್ದೆ ಬಟ್ಟೆಯಲ್ಲೇ ತೋಟದ ಕೆಲಸ, ಒಗೆದದ್ದು ಒಣಗೋದೇ ಇಲ್ಲ. ಶಿಲೀಂಧ್ರದಿಂದಾಗುವ ಹುಳುಕಡ್ಡಿ ಬರದೆ ಇನ್ನೇನು? ಪೇಟೆಗೆ ಹೋದಾಗ ಮೆಡಿಕಲ್‌ನಲ್ಲಿ "ತುರಿಕೆಗೊಂದು ಟ್ಯೂಬ್ ಕೊಡಿ" ಅಂದರೆ ಆಯ್ತು.

ಚಿಕ್ಕಪ್ಪನಿಗೂ ಹಾಗೇ ಒಂದು ಸಿಕ್ಕಿತು. ಹಚ್ಚಿದ ರಾತ್ರಿಯೇ ತುರಿಕೆ ಮಾಯ. ಬಿಟ್ಟರೆ ಮತ್ತೆ ಶುರು, ಮೊದಲಿಗಿಂತ ಅಗಲಕ್ಕೆ. ಅದಕ್ಕೇ ಬಿಡಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ಶುರುವಾದದ್ದು ಅಡಿಕೆ ಕೊನೆಕೊಯ್ಲು ಮುಗಿದರೂ, ತಿಂಗಳುಗಟ್ಟಲೆ, ನಡೆದೇ ಇತ್ತು.

ಅದರಲ್ಲಿದ್ದದ್ದು ಕ್ಲೋಬೆಟಾಸಾಲ್. ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಜೋರಿನದು. ಡಾಕ್ಟರು ಬರೆದುಕೊಟ್ಟರೂ ಸಾಮಾನ್ಯವಾಗಿ ಒಂದೇ ಸಮನೆ 2 ವಾರಕ್ಕಿಂತ ಜಾಸ್ತಿ ಹಚ್ಚಬಾರದು, ವಾರಕ್ಕೆ 50 ಗ್ರಾಂ ದಾಟಬಾರದು. ಸ್ಟೀರಾಯ್ಡ್ ಹುಳುಕಡ್ಡಿಯನ್ನು ಕೊಲ್ಲುವುದಿಲ್ಲ, ತುರಿಕೆ ಅಡಗಿಸುತ್ತದೆ ಅಷ್ಟೇ. ಒಳಗೆ ಶಿಲೀಂಧ್ರ ಆರಾಮಾಗಿ ಹರಡುತ್ತದೆ. ತೊಡೆಸಂದಿಯ ಚರ್ಮ ತೆಳು, ಗಾಳಿಯಾಡದ ಜಾಗ ಬೇರೆ. ಅಲ್ಲಿ ಹಚ್ಚಿದ್ದು ಮುಂಗೈಗೆ ಹಚ್ಚಿದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ರಕ್ತಕ್ಕೆ ಇಳಿಯುತ್ತದೆ.

ಚಿಕ್ಕಪ್ಪನ ಮುಖ ದುಂಡಗಾಯಿತು. "ಚೆನ್ನಾಗಿ ಮೈ ಬಂದಿದೆ ಅಲ್ವಾ" ಅಂತ ಮದುವೆಮನೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೊಟ್ಟೆ ಮುಂದೆ ಬಂತು, ಕೈಕಾಲು ಸಣ್ಣಗಾದವು. ಆಮೇಲೆ ಶುಗರ್. "ಬೇರೆ ಔಷಧಿ ಏನಾದರೂ ತಗೋತೀರಾ?" ಅಂತ ಶುಗರ್ ಡಾಕ್ಟರು ಕೇಳಿದ್ದರಂತೆ. ಇಲ್ಲ ಅಂದರು. ಸುಳ್ಳೇನೂ ಹೇಳಲಿಲ್ಲ ಪಾಪ, ಹಚ್ಚೋದನ್ನ ಯಾರು ಔಷಧಿ ಅಂತ ಲೆಕ್ಕಕ್ಕೆ ಹಿಡೀತಾರೆ?

ಅಷ್ಟರಲ್ಲಿ ಯಾರೋ ನೆಂಟರು "ಅದು ಸ್ಟೀರಾಯ್ಡ್, ಎಸೀರಿ" ಅಂದರು. ಚಿಕ್ಕಪ್ಪ ಒಂದೇ ಏಟಿಗೆ ನಿಲ್ಲಿಸಿಬಿಟ್ಟರು. ಅಪಾಯ ಬಂದದ್ದೇ ಅಲ್ಲಿ. ಏಳಲಾರದಷ್ಟು ಸುಸ್ತು, ವಾಂತಿ, ಬಿಪಿ ಇಳಿದು ಬಚ್ಚಲಲ್ಲಿ ಬಿದ್ದರು. ಶಿವಮೊಗ್ಗಕ್ಕೆ ಕರೆದುಕೊಂಡು ಓಡಿದೆವು. ಅಲ್ಲಿನ ಡಾಕ್ಟರು ಪಂಚೆ ಸರಿಸಿ ನೋಡಿದರು. ತೊಡೆಯ ಒಳಬದಿ ಬೆರಳಗಲದ ನೇರಳೆ ಗೆರೆಗಳು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ನರ ಕಾಣುತ್ತಿತ್ತು. "ಏನು ಹಚ್ತಾ ಇದ್ರಿ ಯಜಮಾನ್ರೇ?" ಅಂತ ಮೊದಲು ಕೇಳಿದವರು ಅವರೇ.

ಬೆಳಿಗ್ಗೆ 8ಕ್ಕೆ ರಕ್ತ ತೆಗೆದು ಕಾರ್ಟಿಸಾಲ್, ಅಂದರೆ ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್, ಎಷ್ಟಿದೆ ಅಂತ ನೋಡಿದರು. ತೀರಾ ಕಡಿಮೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ನಮ್ಮ ಮೈಗೆ ಬೇಕಾದ ಸ್ಟೀರಾಯ್ಡನ್ನು ತಾನೇ ಮಾಡುತ್ತದೆ. ಹೊರಗಿನಿಂದ ಸುಮ್ನೆ ಬರುತ್ತಿದ್ದರೆ ಕೆಲಸ ನಿಲ್ಲಿಸುತ್ತದೆ. ಹೊರಗಿನದು ತಟ್ಟನೆ ನಿಂತರೆ ಎರಡೂ ಇಲ್ಲ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಕೊಟ್ಟು ಅದರ ಪ್ರಮಾಣ ನಿಧಾನ ಇಳಿಸಿದರು, ಹುಳುಕಡ್ಡಿಗೆ ಬೇರೆ ಔಷಧಿ. ಮುಖ ಮೊದಲಿನಂತಾಯಿತು, ಶುಗರ್ರೂ ಇಳಿಯಿತು. ತೊಡೆಯ ಗೆರೆ ಮಾತ್ರ ಹೋಗಿಲ್ಲ.

2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಚಿಕ್ಕಪ್ಪನ ಹತ್ತಿರ ಒಬ್ಬರೂ ಚೀಟಿ ಕೇಳಲಿಲ್ಲ.

ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಹ್ಯಾಲೊಬೆಟಾಸಾಲ್, ಬೆಟಾಮೆಥಾಸೋನ್ ಅಂತಿದೆಯಾ ಓದಿ. "ಶಿಲೀಂಧ್ರ, ಬ್ಯಾಕ್ಟೀರಿಯಾ, ತುರಿಕೆ ಮೂರಕ್ಕೂ ಒಂದೇ" ಅಂತ ಕೊಡುವ ಕ್ರೀಮುಗಳಲ್ಲೂ ಇವು ಅಡಗಿರುತ್ತವೆ. ಮಕ್ಕಳ ಡೈಪರ್ ಜಾಗಕ್ಕಂತೂ ಬೇಡವೇ ಬೇಡ. ಡೈಪರ್ ಮುಚ್ಚಿದಷ್ಟೂ ಔಷಧಿ ಒಳಗಿಳಿಯುತ್ತದೆ, ಬೆಳವಣಿಗೆಯೇ ಕುಂಠಿತವಾಗಬಹುದು. ತಿಂಗಳುಗಟ್ಟಲೆ ಹಚ್ಚುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡಿ. ಟ್ಯೂಬ್ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಶುಗರ್, ಬಿಪಿ ನೋಡುವ ಡಾಕ್ಟರಿಗೂ ಅದನ್ನು ತೋರಿಸಿ. ಖಾಲಿ ಟ್ಯೂಬ್ ಆದರೂ ಸರಿ, ಹೆಸರು ಓದೋಕೆ ಬಂದರೆ ಸಾಕು.