ಎರಕದ ಹೌಸಿಂಗ್‌ಗೆ ಬ್ರಾಕೆಟ್: ನಿಕಲ್-55 ರಾಡ್ ಅರ್ಧ ಡಬ್ಬ ಸುಟ್ಟ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ವೆಲ್ಡಿಂಗ್ ರಾಡ್ ಚೆನ್ನಾಗಿದೆ. ಆದರೆ ಡಬ್ಬ ತಂದು, ಹೋಲ್ಡರ್‌ಗೆ ಸಿಕ್ಕಿಸಿ, ಸುಮ್ನೆ ಎಳೆದುಬಿಟ್ಟರೆ ಆಗುವ ಕೆಲಸ ಇದಲ್ಲ. ನಾನು ಬಳಸಿದ್ದು ಬೀಡು ಕಬ್ಬಿಣಕ್ಕೆ ಅಂತ ಮಾರುವ ನಿಕಲ್-55 ರಾಡ್, 3.2 ಮಿ.ಮೀ. ದಪ್ಪದ್ದು. ಡಬ್ಬದ ಮೇಲೆ ಇಎನ್ಐಎಫ್ಇ-ಸಿಐ ಅಂತ ಬರೆದಿರುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಿಕಲ್, ಉಳಿದದ್ದು ಬಹುಪಾಲು ಕಬ್ಬಿಣ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಮುಂದೆ ಡಬ್ಬದ ಬಗ್ಗೆ ಬೈಯುವುದಿದೆ.

ಕೆಲಸ ಏನಂದ್ರೆ, ಹಳೆಯ ಫೋರ್ ವೀಲ್ ಗಾಡಿಯ ಮುಂದಿನ ಆಕ್ಸಲ್‌ನಿಂದ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಮತ್ತು ಲಿಂಕ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಸರಳು) ಹಾಕಬೇಕಿತ್ತು. ಡಾನಾ 60 ಆಕ್ಸಲ್ ತರಹದ ಹೌಸಿಂಗ್, ಅಂದ್ರೆ ಆಕ್ಸಲ್ಲಿನ ಹೊರಕವಚ. ನಡುವಿನ ಡಿಫರೆನ್ಷಿಯಲ್ ಗುಂಡು ಎರಕದ್ದು. ಅದರ ಎರಡೂ ಬದಿಗೆ ಸ್ಟೀಲ್ ಟ್ಯೂಬ್ ಒತ್ತಿ ಕೂರಿಸಿ, ತೂತುಗಳಲ್ಲಿ ವೆಲ್ಡ್ ತುಂಬಿ ಹಿಡಿಸಿರುತ್ತಾರೆ. ಫೋರ್ಡ್ 9 ಇಂಚಿನ ಹಾಗೆ ಸ್ಟೀಲ್ ಶೀಟ್ ಒತ್ತಿ ಮಾಡಿದ ಹೌಸಿಂಗ್ ನಿಮ್ಮದಾಗಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು, ನಿಮಗೆ ಮಾಮೂಲಿ ಮಿಗ್ (ವೈರ್ ಹಾಕಿ ಮಾಡುವ ವೆಲ್ಡಿಂಗ್) ಸಾಕು. ನನ್ನದರಲ್ಲಿ ಉದ್ದದ ಬದಿಗೆ ತಲೆನೋವಿಲ್ಲ, ಅಲ್ಲಿ ಬ್ರಾಕೆಟ್ ಪೂರ್ತಿ ಟ್ಯೂಬಿನ ಮೇಲೆ ಕೂರುತ್ತದೆ. ಗಿಡ್ಡ ಬದಿಯಲ್ಲಿ ಟ್ಯೂಬ್ ಅನ್ನುವುದು ಹೆಸರಿಗಷ್ಟೇ. ಸ್ಪ್ರಿಂಗ್ ಕೂರುವ ಪ್ಯಾಡ್ ಕೂಡ ಎರಕದ ಜೊತೆಗೇ ಹುಟ್ಟಿದೆ. ಕೆಳಗಿನ ಲಿಂಕ್ ಬ್ರಾಕೆಟ್ ಎಲ್ಲಿಟ್ಟರೂ ಅರ್ಧ ಬೀಡಿನ ಮೇಲೆ ಬರುತ್ತದೆ.

ಮೊದಲ ಸಲ ಇದನ್ನು ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೆ. ಬಿಸಿ ಮಾಡಲಿಲ್ಲ. ಮಿಗ್‌ನಲ್ಲಿ ಮಾಮೂಲಿ ವೈರ್ ಹಾಕಿ ಒಂದೇ ಎಳೆತಕ್ಕೆ ಉದ್ದಕ್ಕೂ ಎಳೆದರು. ನೋಡಲು ಎಷ್ಟು ಚೆಂದ ಇತ್ತು ಅಂದ್ರೆ ನಾನು ಫೋಟೋ ಬೇರೆ ತೆಗೆದುಕೊಂಡೆ. ಆರುವಾಗ ಒಂದು ಸಲ ಟಿಣ್ ಅಂದಿದ್ದು ಕೇಳಿಸಿತ್ತು. ಸ್ಲ್ಯಾಗ್, ಅಂದ್ರೆ ವೆಲ್ಡಿನ ಮೇಲೆ ಕೂರುವ ಗಟ್ಟಿ ಪೊರೆ, ಸಿಡಿದಿರಬೇಕು ಅಂದುಕೊಂಡೆ. ಮಿಗ್‌ನಲ್ಲಿ ಎಲ್ಲಿಯ ಸ್ಲ್ಯಾಗು! ಕೆಲವೇ ವಾರದಲ್ಲಿ, ಒಂದು ಹಂಪ್ ಇಳಿಯುವಾಗ ಬ್ರೇಕ್ ಒತ್ತಿದೆ, ಸ್ಟಿಯರಿಂಗ್ ಒಂದು ಕಡೆಗೆ ಎಳೆಯಿತು. ಇಳಿದು ನೋಡಿದರೆ ಬ್ರಾಕೆಟ್ ಬಾಯಿಬಿಟ್ಟಿದೆ. ವೆಲ್ಡ್ ಗಟ್ಟಿಯಾಗೇ ಇತ್ತು, ಒಂದು ಕೂದಲಷ್ಟೂ ಸೀಳಿರಲಿಲ್ಲ. ಅದರ ಪಕ್ಕದ ಬೀಡು ಕಿತ್ತುಬಂದಿತ್ತು. ಬ್ರಾಕೆಟ್ಟಿನ ಅಂಚಿಗೆ ಉಗುರು ದಪ್ಪದ ಕಬ್ಬಿಣದ ಪದರ ಹಾಗೇ ಅಂಟಿಕೊಂಡಿತ್ತು.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಬೀಡಿನಲ್ಲಿ ಇಂಗಾಲ ಸುಮಾರು 2ರಿಂದ 4 ಶೇಕಡಾ ಇರುತ್ತದೆ. ಮಾಮೂಲಿ ಬ್ರಾಕೆಟ್ ಸ್ಟೀಲಿನಲ್ಲಿ ಕಾಲು ಶೇಕಡಾ ಕೂಡ ಇರುವುದಿಲ್ಲ. ತಣ್ಣಗಿನ ಎರಕದ ಮೇಲೆ ಆರ್ಕ್ ಹೊಡೆದರೆ ಅಂಚು ಕರಗಿ, ಸುತ್ತಲಿನ ದಪ್ಪ ಕಬ್ಬಿಣ ಆ ಶಾಖವನ್ನು ಗಬಕ್ಕನೆ ಎಳೆದುಕೊಂಡು, ಅದು ದಿಢೀರನೆ ಆರುತ್ತದೆ. ಆಗ ಅಲ್ಲೊಂದು ತೆಳು ಪದರ ಗಾಜಿನಷ್ಟು ಗಡಸಾಗುತ್ತದೆ. ಇದನ್ನು ನಾನು ಕೈಯಾರೆ ನೋಡಿದೆ. ಹಳೆ ವೆಲ್ಡನ್ನು ಗ್ರೈಂಡ್ ಮಾಡಿ ತೆಗೆದ ಮೇಲೆ ಆ ಜಾಗಕ್ಕೆ ಅರ ಹಾಕಿದೆ. ಕಚ್ಚಲೇ ಇಲ್ಲ, ಕೀಚ್ ಅಂತ ಜಾರಿತು. ಒಂದು ಬೆರಳು ಆಚೆ ಅದೇ ಅರ ಆರಾಮಾಗಿ ಕಪ್ಪು ಪುಡಿ ಉದುರಿಸುತ್ತಿತ್ತು. ಅರ ಎಲ್ಲ ಕಡೆ ಒಂದೇ ತರಹ ಕಚ್ಚುವವರೆಗೂ ಬರ್ (ತಿರುಗುತ್ತಾ ಕೊರೆಯುವ ಸಣ್ಣ ಮೊನೆ) ಹಿಡಿದು ಕೊರೆದೆ. ಆ ದಿನ ಪೂರ್ತಿ ಅದಕ್ಕೇ ಹೋಯಿತು.

ರಾಡ್ ಕೊಳ್ಳುವ ಮೊದಲು ಎರಕ ಯಾವ ಜಾತಿಯದು ಅಂತ ನೋಡಿಕೊಳ್ಳಿ. ಎಲ್ಲವೂ ಬೀಡಲ್ಲ, ಕೆಲವು ಹೌಸಿಂಗ್ ಎರಕದ ಸ್ಟೀಲೇ ಇರುತ್ತವೆ. ಡ್ರಿಲ್ ಹಾಕಿದರೆ ಸ್ಟೀಲು ಸುರುಳಿ ಸುರುಳಿಯಾಗಿ ಬರುತ್ತದೆ, ಬೀಡು ಚೂರು, ಪುಡಿಯಾಗಿ ಬರುತ್ತದೆ. ಗ್ರೈಂಡರ್ ಇಟ್ಟರೆ ಸ್ಟೀಲಿನ ಕಿಡಿ ಉದ್ದಕ್ಕೆ ಬಿಳಿ-ಹಳದಿಯಾಗಿ ಹಾರುತ್ತದೆ, ಬೀಡಿನದು ಗಿಡ್ಡ, ಕೆಂಪು. ಬೀಡಿನಲ್ಲೂ ಮುಖ್ಯವಾಗಿ ಎರಡು ಇವೆ. ಹಳೆ ಕಾಲದ ಬೂದು ಬೀಡಿನಲ್ಲಿ ಗ್ರಾಫೈಟ್ ತರಗೆಲೆ ತರಹ ಹರಡಿರುತ್ತದೆ, ಸೀಳು ಆ ಎಲೆಗಳ ಗುಂಟವೇ ಓಡುತ್ತದೆ. ಇನ್ನೊಂದು ನಾಡ್ಯುಲರ್. ಕರಗಿದ ಬೀಡಿಗೆ ಮೆಗ್ನೀಸಿಯಂ ಬೆರೆಸಿದರೆ ಗ್ರಾಫೈಟು ಗುಂಡು ಮಣಿಗಳಾಗುತ್ತದೆ ಅಂತ 1943ರಲ್ಲಿ ಲೋಹತಜ್ಞ ಕೀತ್ ಮಿಲ್ಲಿಸ್ ಕಂಡುಕೊಂಡಿದ್ದು ಇದನ್ನೇ. ಇದು ಮುರಿಯುವ ಮೊದಲು ಸ್ವಲ್ಪ ಬಾಗುತ್ತದೆ. ನನ್ನದು ಸುತ್ತಿಗೆಯಲ್ಲಿ ತಟ್ಟಿದರೆ ಗಂಟೆಯ ಹಾಗೆ ನಾದ ಕೊಡುತ್ತಿತ್ತು, ಡ್ರಿಲ್ ಚೂರು ಪುಡಿಯಾಗಿ ಬರುತ್ತಿತ್ತು. ಹಾಗಾಗಿ ನಾಡ್ಯುಲರ್ ಅಂತ ತೀರ್ಮಾನಿಸಿದೆ. ಬೂದು ಬೀಡಾಗಿದ್ದರೆ ಲಿಂಕ್ ಬ್ರಾಕೆಟ್ ವೆಲ್ಡ್ ಮಾಡುವ ಧೈರ್ಯವೇ ಮಾಡುತ್ತಿರಲಿಲ್ಲ.

ಆಕ್ಸಲ್ ಪೂರ್ತಿ ಬಿಚ್ಚಿದೆ. ಗೇರು, ಬೇರಿಂಗು, ಸೀಲು ಒಂದೂ ಒಳಗಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದ ಎರಕ ಇದು, ಮೇಲೆ ಒರೆಸಿದರೆ ಸಾಲದು. ಗ್ಯಾಸ್ ಟಾರ್ಚ್ ಹಿಡಿದು ಬಿಸಿ ಮಾಡಿದಾಗ ಬೆವರಿದ ಹಾಗೆ ಎಣ್ಣೆ ಮೇಲೆ ಬಂತು. ಒರೆಸುವುದು, ಮತ್ತೆ ಬಿಸಿ ಮಾಡುವುದು, ಮೂರು ಸಲ ಆಯಿತು. ಒಂದು ಮಾತು, ಎಣ್ಣೆ ತೊಳೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮುಟ್ಟಲೇಬೇಡಿ. ಅದು ಉಳಿದಿರುವ ಕಡೆ ಆರ್ಕ್ ಹೊಡೆದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲೆ ಬೆಂಕಿ ಹತ್ತಿರ ತನ್ನಿ.

ಇನ್ನು ರಾಡ್ ವಿಷಯ. ನನ್ನ ಅಣ್ಣನ ಮಗ ಟಾರ್ಚ್ ಹಿಡಿದಿದ್ದ. ಗುಂಡನ್ನು ಒಂದೇ ಕಡೆ ಅಲ್ಲ, ಸುತ್ತಲೂ ನಿಧಾನಕ್ಕೆ ಸುಮಾರು 300 ಡಿಗ್ರಿಗೆ ತಂದೆವು. ಕೈಯಲ್ಲಿ ಹಿಡಿಯುವ ಲೇಸರ್ ಥರ್ಮಾಮೀಟರು ಹೊಳೆಯುವ ಕಡೆ ಒಂದು, ಕಪ್ಪು ಕಡೆ ಇನ್ನೊಂದು ಹೇಳುತ್ತಿತ್ತು. ಹಾಗಾಗಿ ಶಾಖಕ್ಕೆ ಕರಗುವ ಕ್ರೇಯಾನ್ ಗೀಚಿ ನೋಡಿದೆವು. ಡಿಸಿ, ರಾಡ್ ಪಾಸಿಟಿವ್‌ಗೆ, ಕರೆಂಟು 90 ಆಂಪಿಯರ್ ಆಸುಪಾಸು. ಮೊದಲ ರಾಡಿಗೆ ನಿಮಗೆ ಬೇಜಾರಾಗುವುದು ಗ್ಯಾರಂಟಿ. ಸ್ಟೀಲಿಗೆ ಬಳಸುವ ಮಾಮೂಲಿ 6013 ರಾಡಿನಲ್ಲಿ ಕೈ ಪಳಗಿದವರಿಗೆ ಇದು ಮೊಂಡು ಅನ್ನಿಸುತ್ತದೆ. ಕರಗಿದ ಲೋಹ ನೀರಿನ ಹಾಗೆ ಹರಿಯುವುದಿಲ್ಲ, ಕೆಸರಿನ ಹಾಗೆ ಇಟ್ಟಲ್ಲೇ ಕೂರುತ್ತದೆ. ಅಂಚಿಗೆ ನೀವೇ ತಳ್ಳಿಕೊಂಡು ಹೋಗಬೇಕು. ಮೂರನೇ ರಾಡಿನ ಹೊತ್ತಿಗೆ ಅದರ ಬುದ್ಧಿ ಗೊತ್ತಾಗುತ್ತದೆ, ಆಮೇಲೆ ಆರ್ಕ್ ಮೆತ್ತಗೆ, ಒಂದೇ ಸಮ ಇರುತ್ತದೆ.

ಒಂದು ಸಲಕ್ಕೆ 25 ಮಿ.ಮೀ., ಅಷ್ಟೇ. ನಿಲ್ಲಿಸಿದ ತಕ್ಷಣ, ಲೋಹ ಇನ್ನೂ ಮಂಕು ಕೆಂಪಿರುವಾಗಲೇ ಸ್ಲ್ಯಾಗ್ ಕುಟ್ಟಿ ಹಾಕಿ, ಗುಂಡು ಮೂತಿಯ ಸುತ್ತಿಗೆಯಲ್ಲಿ ಪಟಪಟನೆ ಸಣ್ಣ ಪೆಟ್ಟು. ಲೋಹ ಆರುತ್ತಾ ಕುಗ್ಗಿ ಪಕ್ಕದ ಬೀಡನ್ನು ಎಳೆಯುತ್ತದಲ್ಲ, ಪೆಟ್ಟು ಅದನ್ನು ಅಷ್ಟಿಷ್ಟು ಅಗಲಿಸಿ ಎಳೆತ ಸಡಿಲಿಸುತ್ತದೆ. ಆಮೇಲೆ ಎದುರು ಬದಿಗೆ ಹೋಗಿ ಇನ್ನೊಂದು 25. ಮಧ್ಯೆ ಒಮ್ಮೆ "ಚಿಕ್ಕಪ್ಪಾ, ಟಿಣ್ ಅಂತಲ್ಲಾ?" ಅಂದ ಹುಡುಗ. ಎದೆ ಧಸಕ್ ಅಂತು. ನೋಡಿದರೆ ಅವನ ಕಾಲು ತಗುಲಿ ಕೆಳಗಿದ್ದ ಸ್ಪ್ಯಾನರ್ ಉರುಳಿತ್ತು.

ಮುಗಿದ ಮೇಲೆ ಮತ್ತೆ ಎಲ್ಲ ಕಡೆ ಸಮ ಬಿಸಿ ಮಾಡಿ, ಬೆಂಕಿ ತಡೆಯುವ ಕಂಬಳಿ ಸುತ್ತಿ, ಒಣ ಮರಳಿನಲ್ಲಿ ಹೂತುಬಿಟ್ಟೆ. ಮಾರನೇ ದಿನ ತೆಗೆದಾಗಲೂ ಕೈಗೆ ಬೆಚ್ಚಗಿತ್ತು. ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸುವ ಪರೀಕ್ಷೆ ಮಾಡಿದೆ. ಒಂದು ಕಡೆ, ವೆಲ್ಡ್ ಗೆರೆ ಮುಗಿಯುವ ಗುಳಿಯಲ್ಲಿ, ಸೂಜಿಮೊನೆಯಷ್ಟು ಕೆಂಪು ಚುಕ್ಕಿ. ಅದು ನನ್ನ ತಪ್ಪು, ರಾಡನ್ನು ಬೇಗ ಎತ್ತಿಬಿಟ್ಟಿದ್ದೆ. ಅದನ್ನು ಕೊರೆದು, ಮತ್ತೆ ಬಿಸಿ ಮಾಡಿ ತುಂಬಿದೆ. ಪಕ್ಕದ ಬೀಡಿನಲ್ಲಿ ಒಂದು ಗೆರೆಯೂ ಇಲ್ಲ. ವೆಲ್ಡಿಗೆ ಅರ ಹಾಕಿದರೆ ಚೆನ್ನಾಗಿ ಕಚ್ಚಿತು. ನಿಕಲ್‌ಗೆ ದುಡ್ಡು ಸುರಿದಿದ್ದು ಇದಕ್ಕೇ ಅಲ್ವಾ?

ಈಗ ಬೈಗುಳ. ಡಬ್ಬ ಒಮ್ಮೆ ತೆರೆದರೆ ಮತ್ತೆ ಮುಚ್ಚಲು ಬರುವುದಿಲ್ಲ, ರಟ್ಟಿನದು. ತೇವ ಎಳೆದುಕೊಂಡರೆ ಹಾಳಾಗುವ ವಸ್ತುವನ್ನು, ಅದೂ ಮಾಮೂಲಿ ರಾಡಿನ ಎಷ್ಟೋ ಪಟ್ಟು ಬೆಲೆಯದನ್ನು ರಟ್ಟಿನಲ್ಲಿ ಕೊಡುವುದು ಯಾವ ಬುದ್ಧಿ? ಲೇಪನವೂ ನಾಜೂಕು. ನಾಲ್ಕು ರಾಡಿನ ತುದಿ ಉದುರಿಯೇ ಬಂದಿತ್ತು. ಒಳಗಿನ ಚೀಟಿಯಲ್ಲಿ ಆಂಪಿಯರ್ ಪಟ್ಟಿ ಬಿಟ್ಟರೆ ಬಿಸಿ ಮಾಡುವ ಬಗ್ಗೆ ಒಂದೂವರೆ ಸಾಲು.

ನಿಕಲ್-99 ತರಲೇ ಅಂತ ಕೇಳುವವರಿಗೆ: ಅದು ಇನ್ನೂ ಮೆತ್ತಗೆ, ತೆಳುವಾದ ಎರಕಕ್ಕೆ, ಆಮೇಲೆ ಮೆಷಿನ್ ಮಾಡಬೇಕಾದ ಕೆಲಸಕ್ಕೆ ಒಳ್ಳೆಯದು. ದಪ್ಪ ಬೀಡನ್ನು ಸ್ಟೀಲಿಗೆ ಕೂಡಿಸಲು 55 ಹೆಚ್ಚು ಗಟ್ಟಿ, ಆರುವಾಗ ಕುಗ್ಗುವುದೂ ಕಡಿಮೆ.

ಆದರೂ ಈ ವೆಲ್ಡನ್ನೇ ನಂಬಿ ಲಿಂಕ್ ನೇತುಹಾಕಿಲ್ಲ. ಎರಡನೇ ಸಲ ಬ್ರಾಕೆಟ್ಟನ್ನೇ ಬೇರೆ ತರಹ ಕತ್ತರಿಸಿದೆ. 6 ಮಿ.ಮೀ. ಪ್ಲೇಟು, ಒಂದು ಕಾಲು ಎರಕದ ಪ್ಯಾಡಿನ ಮೇಲೆ, ಇನ್ನೊಂದು ಕಾಲು ಅದನ್ನು ದಾಟಿ ಸ್ಟೀಲ್ ಟ್ಯೂಬಿನ ಆ ಗಿಡ್ಡ ತುಂಡಿನ ಮೇಲೆ. ಪ್ಯಾಡಿನಲ್ಲಿ ಮೊದಲೇ ಇದ್ದ ಯು-ಬೋಲ್ಟ್ ತೂತುಗಳಿಗೆ ಎರಡು ಬೋಲ್ಟ್ ಕೂಡ ಬಿಗಿದೆ. ಬ್ರೇಕಿನ ಎಳೆತವನ್ನು ಬೋಲ್ಟು, ಟ್ಯೂಬು ಹೊರಲಿ, ನಿಕಲ್ ವೆಲ್ಡು ಕೈಜೋಡಿಸಲಿ ಅಂತ ಲೆಕ್ಕ. ಪ್ಲೇಟಿನ ಮೂಲೆಗಳನ್ನು ದುಂಡಗೆ ಮಾಡಿದೆ, ವೆಲ್ಡ್ ಗೆರೆಯನ್ನು ಮೂಲೆಯಲ್ಲಿ ನಿಲ್ಲಿಸಲಿಲ್ಲ. ಇಷ್ಟು ಮಾಡಿದ ಮೇಲೂ ಟ್ಯೂಬ್ ಒಂದು ಚೂರು ಸೊಟ್ಟ ಆಗಿತ್ತು. ಬೇರಿಂಗ್ ಸೀಟುಗಳಲ್ಲಿ ನೇರ ಸರಳು ತೂರಿಸಿ ನೋಡಿದ್ದಕ್ಕೆ ಗೊತ್ತಾಯಿತು, ಎದುರು ಬದಿ ಬಿಸಿ ಮಾಡಿ ಸರಿ ಮಾಡಿಸಬೇಕಾಯಿತು.

ವೆಲ್ಡಿನ ಮೇಲೆ ಕಪ್ಪು ಹೊಡೆಯದೆ ತೆಳುವಾಗಿ ಬಿಳಿ ಬಣ್ಣ ಹಚ್ಚಿದ್ದೇನೆ. ಸೀಳು ಬಂದರೆ ತುಕ್ಕಿನ ಗೆರೆ ಮೊದಲು ಬಿಳಿಯ ಮೇಲೆ ಕಾಣುತ್ತದೆ. ಎಂಟು ತಿಂಗಳಾಯಿತು, ಎಣ್ಣೆ ಬದಲಿಸುವಾಗಲೆಲ್ಲ ಟಾರ್ಚ್ ಬಿಟ್ಟು ನೋಡುತ್ತೇನೆ, ಇನ್ನೂ ಬೆಳ್ಳಗೇ ಇದೆ. ಉಳಿದ ರಾಡುಗಳನ್ನು ಮುಚ್ಚಳ ಗಟ್ಟಿ ಇರುವ ತಗಡಿನ ಡಬ್ಬಿಗೆ ಹಾಕಿ, ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ: ಗೇಟು ರಿಪೇರಿಗೆ ಮುಟ್ಟಬಾರದು.